ಮನಸ್ಸಿನ ಆರೋಗ್ಯಕ್ಕೆ ಸ್ಥಳೀಯ ಆಯವ್ಯಯದಲ್ಲಿ ಒಂದು ಸಾಲು: ಕೇಳುವುದು, ಪಡೆಯುವುದು, ಉಳಿಸಿಕೊಳ್ಳುವುದು

ಮಾನಸಿಕ ಆರೋಗ್ಯದ ಹೆಸರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ಹಣ ಪಡೆಯುವುದು ಅಷ್ಟೇನೂ ಕಷ್ಟವಲ್ಲ, ಕೇಳುವುದು ಒಂದು ದಿನದ ಶಿಬಿರಕ್ಕೋ ಒಂದು ಕಟ್ಟಡಕ್ಕೋ ಆಗಿದ್ದರೆ. ಎರಡರಲ್ಲೂ ಉದ್ಘಾಟನೆಯಿದೆ, ನಾಮಫಲಕವಿದೆ, ವರ್ಷ ಮುಗಿಯುವುದರೊಳಗೆ ಲೆಕ್ಕವೂ ಮುಗಿಯುತ್ತದೆ. ಕಷ್ಟವಿರುವುದು ಸಂಬಳ ಕೇಳುವುದರಲ್ಲಿ. ಕಾಯಿಲೆ ಬಲಿಯುವ ಮುನ್ನ ಜನರನ್ನು ತಲುಪುವ ಸೇವೆಗೆ ಬೇಕಾದದ್ದು ಮಾತ್ರ ಅದೇ. ಪ್ರತಿ ವಾರ, ಅದೇ ಜಾಗದಲ್ಲಿ, ಅದೇ ಮನುಷ್ಯ, ಕೇಳಿಸಿಕೊಳ್ಳಲು ಪುರುಸೊತ್ತು ಮಾಡಿಕೊಂಡು ಕುಳಿತಿರಬೇಕು. ಆ ಮನುಷ್ಯನ ಸಂಬಳವನ್ನು ವರ್ಷ ವರ್ಷವೂ ಬರುವ ಖರ್ಚಾಗಿ ಆಯವ್ಯಯದೊಳಗೆ ಸೇರಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಪೋಷಕರ ಗುಂಪು, ಸೇವಾ ಸಂಸ್ಥೆ, ಶಾಲೆಯ ಆಡಳಿತ ಮಂಡಳಿ, ಚುನಾಯಿತ ಸದಸ್ಯ, ಯಾರೇ ಈ ಕೆಲಸಕ್ಕೆ ಕೈ ಹಾಕಿದರೂ ದಾರಿ ಹೆಚ್ಚುಕಡಿಮೆ ಒಂದೇ.

ಹಿನ್ನೆಲೆಗೆ ಎರಡು ಸಂಗತಿ ಗೊತ್ತಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಸರ್ಕಾರಗಳು ಆರೋಗ್ಯಕ್ಕೆ ಇಡುವ ಹಣದಲ್ಲಿ ಮಾನಸಿಕ ಆರೋಗ್ಯಕ್ಕೆ ಸಿಗುವುದು ಸರಾಸರಿ ಶೇಕಡ 2ರಷ್ಟು. ಅದರಲ್ಲೂ ಮೂರರಲ್ಲಿ ಎರಡು ಪಾಲು ದೊಡ್ಡ ಮಾನಸಿಕ ಆಸ್ಪತ್ರೆಗಳಿಗೆ ಹೋಗುತ್ತದೆ. ಮೇಲಿನಿಂದ ಹರಿದು ಬರುವ ಹಣ ಮೊದಲ ಲಕ್ಷಣ ಕಾಣಿಸಿಕೊಂಡ ಹುಡುಗನನ್ನೋ ಬಾಣಂತಿಯನ್ನೋ ತಲುಪುವುದು ಅಪರೂಪ. ಸ್ಥಳೀಯ ಸಂಸ್ಥೆಯ ಬಾಗಿಲು ತಟ್ಟಬೇಕಾಗಿರುವುದು ಈ ಕಾರಣಕ್ಕೆ.

ಹೆಜ್ಜೆ 1: ಕೇಳುತ್ತಿರುವುದು ಏನನ್ನು ಎಂದು ತೀರ್ಮಾನಿಸಿ

"ಆರಂಭಿಕ ನೆರವು" ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸೇವೆಗಳು ಅಡಗಿವೆ. ಮೂರರ ಖರ್ಚೂ ಬೇರೆ, ಸಿಬ್ಬಂದಿಯೂ ಬೇರೆ. ಇವನ್ನು ಬೆರೆಸಿ ಬರೆದ ಅರ್ಜಿ ಅಧಿಕಾರಿಯ ಮೇಜಿನ ಮೇಲೆ "ಜಾಗೃತಿ ಕಾರ್ಯಕ್ರಮ"ವಾಗಿ ಕರಗಿಹೋಗುತ್ತದೆ.

ಮೊದಲನೆಯದು ಖಿನ್ನತೆ, ಆತಂಕಗಳಂಥ ಸಾಮಾನ್ಯ ತೊಂದರೆಗಳಿಗೆ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೇ ನೀಡುವ ಆಪ್ತಸಮಾಲೋಚನೆ. ಜಿಂಬಾಬ್ವೆಯ ಹರಾರೆ ನಗರದಲ್ಲಿ 2006ರಲ್ಲಿ ಶುರುವಾದ "ಫ್ರೆಂಡ್‌ಶಿಪ್ ಬೆಂಚ್" ಇದಕ್ಕೆ ಒಳ್ಳೆಯ ಮಾದರಿ. ಮನೋವೈದ್ಯ ಡಿಕ್ಸನ್ ಚಿಬಾಂಡ ಆರಂಭಿಸಿದ ಈ ಸೇವೆಯಲ್ಲಿ ನಗರದ ಆರೋಗ್ಯ ಕೇಂದ್ರಗಳ ಹಿರಿಯ ಮಹಿಳಾ ಕಾರ್ಯಕರ್ತೆಯರು ಕೇಂದ್ರದ ಆವರಣದ ಬೆಂಚಿನ ಮೇಲೆ ಕುಳಿತು ಸಮಸ್ಯೆ ಬಿಡಿಸುವ ಮಾತುಕತೆ ನಡೆಸುತ್ತಾರೆ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಂದಿನ ಆರೈಕೆ ಪಡೆದವರಿಗಿಂತ ಬೆಂಚಿಗೆ ಬಂದವರ ಲಕ್ಷಣಗಳು ಆರು ತಿಂಗಳ ನಂತರ ಸ್ಪಷ್ಟವಾಗಿ ಕಡಿಮೆಯಾಗಿದ್ದವು.

ಎರಡನೆಯದು ಚಿತ್ತವಿಕಲತೆ ಮೊದಲ ಬಾರಿ ಕಾಣಿಸಿಕೊಂಡ ಯುವಜನರಿಗೆ ಮೀಸಲಾದ ತಂಡ. ಇಲ್ಲದ ದನಿ ಕೇಳಿಸುವುದು, ಬಲವಾದ ಭ್ರಮೆ, ವಾಸ್ತವದ ಎಳೆ ತಪ್ಪುವುದು ಇದರ ಲಕ್ಷಣಗಳು. 1992ರಲ್ಲಿ ಮೆಲ್ಬರ್ನ್‌ನಲ್ಲಿ ಆರಂಭವಾದ ಎಪಿಕ್ ಕೇಂದ್ರ ಈ ಬಗೆಯ ಸೇವೆಗೆ ಜಗತ್ತಿನಾದ್ಯಂತ ದಾರಿ ತೋರಿಸಿತು. ಮನೋವೈದ್ಯರು, ದಾದಿ, ಕುಟುಂಬದ ಜೊತೆ ಕೆಲಸ ಮಾಡುವವರು, ಓದು ಮತ್ತು ಉದ್ಯೋಗಕ್ಕೆ ಮರಳಿಸುವವರು ಎಲ್ಲರೂ ಇಲ್ಲಿ ಬೇಕು. ಬರುವವರ ಸಂಖ್ಯೆ ಚಿಕ್ಕದು, ತಲಾ ಖರ್ಚು ದೊಡ್ಡದು.

ಮೂರನೆಯದು ಶಾಲೆ, ಕಾಲೇಜು, ಯುವಕೇಂದ್ರಗಳಲ್ಲಿ ಯಾರೂ ಕಳುಹಿಸಿಕೊಡದೆ ತಾವಾಗಿಯೇ ಬರಬಹುದಾದ ತಾಣ.

ಒಂದೇ ಸಣ್ಣ ಸ್ಥಳೀಯ ಸಂಸ್ಥೆಯಿಂದ ಕೇಳುವುದಾದರೆ ಮೊದಲನೆಯದನ್ನೇ ಕೇಳಿ ಎಂಬುದು ನನ್ನ ಸಲಹೆ. ಎರಡನೆಯದು ಹತ್ತಾರು ಸ್ಥಳೀಯ ಸಂಸ್ಥೆಗಳು ಸೇರಿ, ಒಂದು ದೊಡ್ಡ ಆಸ್ಪತ್ರೆಯ ಜೊತೆಗೂಡಿ ಮಾಡಬೇಕಾದ ಕೆಲಸ. ಆದರೆ ಮೊದಲ ಸೇವೆಯ ಕಾರ್ಯಕರ್ತೆಗೆ ಎರಡನೆಯ ಬಗೆಯ ಲಕ್ಷಣ ಗುರುತಿಸಲು, ಕಂಡ ಕೂಡಲೇ ಯಾರಿಗೆ ಕರೆ ಮಾಡಬೇಕೆಂದು ತಿಳಿದಿರಲು ತರಬೇತಿ ಇರಲೇಬೇಕು. ಹೊಸದಾಗಿ ಪಠ್ಯ ಬರೆಯುವ ಗೋಜು ಬೇಡ. ತಜ್ಞರಲ್ಲದ ಆರೋಗ್ಯ ಸಿಬ್ಬಂದಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ಎಂಎಚ್‌ಗ್ಯಾಪ್ ಕೈಪಿಡಿಯೂ, ಐದು ಭೇಟಿಗಳಲ್ಲಿ ಮುಗಿಯುವ "ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್" ಕೈಪಿಡಿಯೂ ಉಚಿತವಾಗಿ ಸಿಗುತ್ತವೆ.

ಹೆಜ್ಜೆ 2: ಅಗತ್ಯವನ್ನು ದಿನಗಳಲ್ಲಿ ತೋರಿಸಿ

ಹೆಚ್ಚಿನ ಅರ್ಜಿಗಳು "ಎಂಟು ಜನರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆಯಿದೆ" ಎಂದು ಶುರುವಾಗುತ್ತವೆ. 2019ರ ಜಾಗತಿಕ ಅಂದಾಜು ಅದೇ, ಸುಳ್ಳಲ್ಲ. ಆದರೆ ಅದನ್ನು ಊರಿನ ಜನಸಂಖ್ಯೆಗೆ ಗುಣಿಸಿದಾಗ ಬರುವ ಸಂಖ್ಯೆಯ ಗಾತ್ರಕ್ಕೇ ಸಭೆ ಕೈಚೆಲ್ಲುತ್ತದೆ. ಇಷ್ಟು ಜನರಿಗೆ ಇಬ್ಬರು ಕಾರ್ಯಕರ್ತರು ಏನು ಮಾಡಿಯಾರು ಎಂಬ ಪ್ರಶ್ನೆಗೆ ಆಮೇಲೆ ಉತ್ತರವಿರುವುದಿಲ್ಲ.

ಇನ್ನೊಂದು ಎಚ್ಚರಿಕೆ. "ಅರ್ಧದಷ್ಟು ಮಾನಸಿಕ ಕಾಯಿಲೆಗಳು 14 ವರ್ಷದೊಳಗೆ ಶುರುವಾಗುತ್ತವೆ" ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದರ ಮೂಲ 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆ. 2021ರಲ್ಲಿ 192 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ 14ರೊಳಗೆ ಶೇಕಡ 35ರ ಹತ್ತಿರ, 18ರೊಳಗೆ ಶೇಕಡ 48, 25ರೊಳಗೆ ಶೇಕಡ 62ರಷ್ಟು ಎಂದು ಕಂಡುಬಂತು. 2021ರ ಅಂಕಿಗಳನ್ನೇ ಬಳಸಿ. ವಾದಕ್ಕೆ ಇದೂ ಧಾರಾಳವಾಗಿ ಸಾಲುತ್ತದೆ. ಓದಿಕೊಂಡ ಅಧಿಕಾರಿಯೊಬ್ಬರು ಪ್ರಶ್ನಿಸಿದರೆ ನೀವು ತಡವರಿಸಬೇಕಾಗುವುದೂ ಇಲ್ಲ.

ನಿಜವಾಗಿ ಕೆಲಸ ಮಾಡುವ ಅಂಕಿ ಬೇರೊಂದಿದೆ: ಮೊದಲ ಲಕ್ಷಣಕ್ಕೂ ಮೊದಲ ಚಿಕಿತ್ಸೆಗೂ ನಡುವಿನ ಕಾಲ. ಅಮೆರಿಕದ 21 ರಾಜ್ಯಗಳ 34 ಸಮುದಾಯ ಚಿಕಿತ್ಸಾಲಯಗಳಲ್ಲಿ ನಡೆದ ರೈಸ್ ಅಧ್ಯಯನದಲ್ಲಿ, ಚಿತ್ತವಿಕಲತೆಯ ಆರಂಭದಲ್ಲಿದ್ದವರು ಚಿಕಿತ್ಸೆಯಿಲ್ಲದೆ ಕಳೆದ ಕಾಲದ ಮಧ್ಯಮಾಂಕ 74 ವಾರ, ಅಂದರೆ ಅರ್ಧದಷ್ಟು ಜನ ಕಳೆದದ್ದು ಅದಕ್ಕಿಂತ ಹೆಚ್ಚು. ಈ ಕಾಲ ಕಡಿಮೆಯಿದ್ದವರಿಗೆ ತಂಡದ ಸೇವೆಯಿಂದ ಸಿಕ್ಕ ಪ್ರಯೋಜನ ಹೆಚ್ಚು. ನಿಮ್ಮಲ್ಲಿ ಈ ಕಾಲ ಎಷ್ಟು? ದೊಡ್ಡ ಸಮೀಕ್ಷೆ ಬೇಡ. ಚಿಕಿತ್ಸೆಯಲ್ಲಿರುವವರ ಕುಟುಂಬಗಳನ್ನು ಅವರ ಒಪ್ಪಿಗೆ ಪಡೆದು, ಹೆಸರು ಬರೆದುಕೊಳ್ಳದೆ ಮೂರು ಪ್ರಶ್ನೆ ಕೇಳಿ. ಏನೋ ಸರಿಯಿಲ್ಲ ಎಂದು ಮೊದಲು ಅನ್ನಿಸಿದ್ದು ಯಾವಾಗ? ಮೊದಲ ಬಾರಿ ಚಿಕಿತ್ಸೆ ಸಿಕ್ಕಿದ್ದು ಯಾವಾಗ? ನಡುವೆ ಎಲ್ಲೆಲ್ಲಿಗೆ ಹೋದಿರಿ?

ಮೂರನೆಯ ಉತ್ತರದಲ್ಲೇ ಅರ್ಜಿಯ ಜೀವವಿದೆ. ಜನ ಮೊದಲು ಹೋಗಿದ್ದು ಶಿಕ್ಷಕರ ಬಳಿಗೋ, ಔಷಧದಂಗಡಿಗೋ, ಧಾರ್ಮಿಕ ಸ್ಥಳಕ್ಕೋ, ಪೊಲೀಸ್ ಠಾಣೆಗೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ನಿಮ್ಮ ಕಾರ್ಯಕರ್ತೆ ಎಲ್ಲಿ ಕೂರಬೇಕು, ಯಾರಿಗೆಲ್ಲ ತರಬೇತಿ ಕೊಡಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ. ಇದರ ಜೊತೆಗೆ ಆರೋಗ್ಯ ಕೇಂದ್ರದ ನೋಂದಣಿ ಪುಸ್ತಕ, ತುರ್ತು ಚಿಕಿತ್ಸಾ ವಿಭಾಗದ ಒಟ್ಟು ಸಂಖ್ಯೆ, ಶಾಲೆ ಬಿಟ್ಟವರ ಪಟ್ಟಿ ಮುಂತಾದ ಈಗಾಗಲೇ ಇರುವ ದಾಖಲೆಗಳನ್ನು ನೋಡಿ. ಸಣ್ಣ ಊರಿನಲ್ಲಿ ಐದಕ್ಕಿಂತ ಕಡಿಮೆ ಇರುವ ಯಾವ ಸಂಖ್ಯೆಯನ್ನೂ ಬಿಡಿಯಾಗಿ ಬರೆಯಬೇಡಿ. ಆ ಮೂವರು ಯಾರೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಹೆಜ್ಜೆ 3: ಹಣ ಯಾವ ಚೀಲದಲ್ಲಿದೆ ಎಂದು ಹುಡುಕಿ

ಕಳೆದ ವರ್ಷದ ಆಯವ್ಯಯ ಪುಸ್ತಕ ಮತ್ತು ಪರಿಷ್ಕೃತ ಅಂದಾಜು, ಎರಡನ್ನೂ ತರಿಸಿಕೊಂಡು ಅಕ್ಕಪಕ್ಕ ಇಟ್ಟು ಓದಿ. ಇಟ್ಟ ಹಣಕ್ಕೂ ಖರ್ಚಾದ ಹಣಕ್ಕೂ ನಡುವೆ ದೊಡ್ಡ ಅಂತರವಿರುವ ಲೆಕ್ಕಶೀರ್ಷಿಕೆಗಳ ಕೆಳಗೆ ಗೆರೆ ಎಳೆಯಿರಿ. ಯುವಜನ, ಮಹಿಳೆ, ಅಂಗವಿಕಲರ ಕಲ್ಯಾಣ, ಶಾಲಾ ಆರೋಗ್ಯ, ಮಾದಕ ವ್ಯಸನ ತಡೆಯಂಥ ತಲೆಬರಹಗಳಲ್ಲಿ ಹಣ ಉಳಿದಿರುವುದು ಸಾಮಾನ್ಯ. ಅಲ್ಲಿಂದ ಶುರು ಮಾಡುವುದು ಸುಲಭ, ಏಕೆಂದರೆ ಹೊಸ ಹಣ ಹುಟ್ಟಿಸಬೇಕಿಲ್ಲ.

ಎರಡನೆಯ ಚೀಲ ಮೇಲಿನ ಸರ್ಕಾರದಿಂದ ನಿರ್ದಿಷ್ಟ ಉದ್ದೇಶಕ್ಕೆಂದೇ ಬರುವ ಅನುದಾನ. ಷರತ್ತುಗಳನ್ನು ಪೂರ್ತಿ ಓದಿ. ಸಿಬ್ಬಂದಿಯ ಸಂಬಳಕ್ಕೆ ಬಳಸುವಂತಿಲ್ಲ ಎಂಬ ಒಂದು ಸಾಲು ಅದರಲ್ಲಿದ್ದರೆ ನಿಮ್ಮ ಯೋಜನೆಗೆ ಅದು ನಿರುಪಯೋಗಿ.

ಮೂರನೆಯದು ಪ್ರತ್ಯೇಕ ತೆರಿಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯ 2005ರಲ್ಲಿ ತನ್ನ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು) ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗಾಗಿ ಶೇಕಡ 0.1ರ ಮಾರಾಟ ತೆರಿಗೆ ಹಾಕಲು ಅಧಿಕಾರ ಕೊಟ್ಟಿತು. ಸಿಯಾಟಲ್ ನಗರವಿರುವ ಕಿಂಗ್ ಕೌಂಟಿ 2008ರಿಂದ ಅದನ್ನು ವಸೂಲು ಮಾಡುತ್ತಿದೆ. ಡೆನ್ವರ್ ನಗರದ ಮತದಾರರು 2018ರಲ್ಲಿ ಶೇಕಡ 0.25ರ ತೆರಿಗೆಗೆ ಒಪ್ಪಿದರು. ಕ್ಯಾಲಿಫೋರ್ನಿಯಾ 2004ರಲ್ಲಿ ಹತ್ತು ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇಕಡ 1ರ ತೆರಿಗೆ ಹಾಕಿ, ಕೌಂಟಿಗಳಿಗೆ ಹೋಗುವ ಹಣದಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ತಡೆ ಮತ್ತು ಆರಂಭಿಕ ನೆರವಿಗೆ ಮೀಸಲಿಟ್ಟಿತು. ಮೀಸಲು ಹಣಕ್ಕೆ ರಕ್ಷಣೆಯಿದೆ ನಿಜ. ಆದರೆ ಶ್ರೀಮಂತರ ಆದಾಯ ಏರಿಳಿದಂತೆ ಕ್ಯಾಲಿಫೋರ್ನಿಯಾದ ನಿಧಿಯೂ ಏರಿಳಿಯಿತು. 2024ರ ಮಾರ್ಚ್‌ನಲ್ಲಿ ಮತದಾರರು ಹೊಸ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಾಗ ಹಂಚಿಕೆಯ ಸೂತ್ರವೇ ಬದಲಾಯಿತು. ಹಾಗಾಗಿ ತೆರಿಗೆಯ ಹಣವೂ ಶಾಶ್ವತವೆಂದು ನಂಬಿ ಕೂರುವಂತಿಲ್ಲ.

ನಿಮ್ಮಲ್ಲಿ ಜನರೇ ಆದ್ಯತೆ ಗೊತ್ತುಪಡಿಸುವ ಸಹಭಾಗಿ ಆಯವ್ಯಯ ಪದ್ಧತಿಯಿದ್ದರೆ (1989ರಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ ಶುರುವಾದದ್ದು) ಅದನ್ನೂ ಬಳಸಿ, ಆದರೆ ಅದೊಂದನ್ನೇ ನೆಚ್ಚಬೇಡಿ. ರಸ್ತೆ, ಚರಂಡಿಗಳಿಗೆ ಕೈ ಎತ್ತುವವರು ಬಹಳ. ಖಿನ್ನತೆಗೆ ಬಹಿರಂಗವಾಗಿ ಕೈ ಎತ್ತುವವರು ಕಡಿಮೆ.

"ಆರೋಗ್ಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಬರಬಹುದು. ಆಗ ಕೆಲಸ ಹಂಚಿಕೊಳ್ಳುವ ಪ್ರಸ್ತಾವ ಮುಂದಿಡಿ: ಜಾಗ, ಕಾರ್ಯಕರ್ತೆ, ಓಡಾಟದ ಖರ್ಚು ಸ್ಥಳೀಯ ಸಂಸ್ಥೆಯದು, ವೈದ್ಯರು ಮತ್ತು ಔಷಧ ಮೇಲಿನ ಹಂತದ್ದು. ಇದೇನೂ ಹೊಸ ಕಲ್ಪನೆಯಲ್ಲ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮುಂದಾಗಿ ನಡೆಸಿದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ತಜ್ಞರು ಬೆನ್ನಿಗೆ ನಿಂತರು. 1996ರಲ್ಲಿ ಭಾರತದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಕಾಲದ ವಿಚಾರ: ಆಯವ್ಯಯ ಮಂಡನೆಯ ದಿನ ಮನವಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದರಿಂದ ಏನೂ ಆಗುವುದಿಲ್ಲ. ಇಲಾಖೆಗಳು ತಮ್ಮ ಅಂದಾಜುಪಟ್ಟಿ ಕಳುಹಿಸುವುದು ಅದಕ್ಕಿಂತ ತಿಂಗಳುಗಟ್ಟಲೆ ಮೊದಲು. ಆ ದಿನಾಂಕ ಯಾವುದೆಂದು ಲೆಕ್ಕಪತ್ರ ವಿಭಾಗದಲ್ಲಿ ವಿಚಾರಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ನಿಮ್ಮ ಕೆಲಸ ಶುರು ಮಾಡಿ.

ಹೆಜ್ಜೆ 4: ಪ್ರಾಮಾಣಿಕ ಅಂದಾಜುಪಟ್ಟಿ

ಕಡಿಮೆ ಮೊತ್ತ ತೋರಿಸಿದರೆ ಬೇಗ ಮಂಜೂರಾಗುತ್ತದೆ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಸೇವೆ ನೆಲಕಚ್ಚುವುದು ಈ ಆಸೆಯಿಂದಲೇ. ಪಟ್ಟಿಯಲ್ಲಿ ಇವು ಇರಲಿ: ಕನಿಷ್ಠ ಇಬ್ಬರು ಕಾರ್ಯಕರ್ತರ ಸಂಬಳ ಮತ್ತು ವಾರ್ಷಿಕ ಹೆಚ್ಚಳ, ಅವರ ಕೆಲಸ ನೋಡಿ ತಿದ್ದುವ ತಜ್ಞರ ಮೇಲ್ವಿಚಾರಣೆ, ಓಡಾಟ, ದೂರವಾಣಿ, ಮಾತು ಹೊರಗೆ ಕೇಳಿಸದ ಒಂದು ಕೋಣೆ, ಮೊದಲ ತರಬೇತಿ ಮತ್ತು ಪ್ರತಿ ವರ್ಷದ ಮರುತರಬೇತಿ, ದಾಖಲೆಗಳನ್ನು ಸುರಕ್ಷಿತವಾಗಿಡುವ ವ್ಯವಸ್ಥೆ, ಕಚೇರಿ ನಿರ್ವಹಣೆ ಮತ್ತು ಲೆಕ್ಕಪರಿಶೋಧನೆ.

ಇಬ್ಬರು ಏಕೆ ಬೇಕು ಎಂದು ಕೇಳುತ್ತಾರೆ. ಒಬ್ಬರೇ ಇದ್ದರೆ ಅವರು ರಜೆ ಹಾಕಿದ ದಿನ ಸೇವೆಗೂ ರಜೆ. ದಿನವಿಡೀ ಇತರರ ಸಂಕಟ ಕೇಳಿ, ಹೇಳಿಕೊಳ್ಳಲು ಯಾರೂ ಇಲ್ಲದೆ ಆ ಒಬ್ಬರು ಕೆಲಸ ಬಿಟ್ಟು ಹೋಗುವುದೂ ಬೇಗ.

ಕತ್ತರಿ ಬೀಳುವುದು ಯಾವಾಗಲೂ ಮೇಲ್ವಿಚಾರಣೆಯ ಸಾಲಿಗೆ, ಏಕೆಂದರೆ ಅದು ಕಣ್ಣಿಗೆ ಕಾಣುವ ಕೆಲಸವಲ್ಲ. ಅಲ್ಲಿ ಮಾತ್ರ ಬಗ್ಗಬೇಡಿ. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಫಲ ಕೊಟ್ಟಿರುವ ಪ್ರಯೋಗಗಳಲ್ಲಿ ಅವರ ಹಿಂದೆ ಮೇಲ್ವಿಚಾರಣೆ ಇತ್ತು. ಅದನ್ನು ಕಿತ್ತುಹಾಕಿದರೆ ನೀವು ನಡೆಸುತ್ತಿರುವುದು ಆ ಸೇವೆಯಲ್ಲ. ಮೊತ್ತ ಇಳಿಸಲೇಬೇಕಾದರೆ ವ್ಯಾಪ್ತಿ ಇಳಿಸಿ, ಐದು ವಾರ್ಡ್‌ಗಳ ಬದಲು ಎರಡು. "ಇಷ್ಟು ಕಡಿಮೆಯಾದರೆ ಇದನ್ನು ನಿಲ್ಲಿಸುತ್ತೇವೆ" ಎಂಬ ಪಟ್ಟಿಯನ್ನು ಅರ್ಜಿಯ ಜೊತೆಗೇ ಲಗತ್ತಿಸಿ. ಚೌಕಾಸಿ ಆಗ ಹಣದ ಬದಲು ಕೆಲಸದ ಬಗ್ಗೆ ನಡೆಯುತ್ತದೆ.

ಹೆಜ್ಜೆ 5: ಯಾವುದಕ್ಕೆ ಮಾತು ಕೊಡಬೇಕು, ಯಾವುದಕ್ಕೆ ಕೊಡಬಾರದು

ಆತ್ಮಹತ್ಯೆಗಳನ್ನು ಇಷ್ಟು ಶೇಕಡ ಇಳಿಸುತ್ತೇವೆ ಎಂದು ಎಂದಿಗೂ ಬರೆಯಬೇಡಿ. ಸಣ್ಣ ಜನಸಂಖ್ಯೆಯಲ್ಲಿ ಆ ಸಂಖ್ಯೆ ಯಾವ ಕಾರಣವೂ ಇಲ್ಲದೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಒಳ್ಳೆಯ ಸೇವೆಯೂ ಒಂದು ಕೆಟ್ಟ ವರ್ಷದ ಲೆಕ್ಕಕ್ಕೆ ಬಲಿಯಾಗಬಹುದು.

ಉಳಿತಾಯದ ವಾದದಲ್ಲೂ ಹುಷಾರು. ಖಿನ್ನತೆ ಮತ್ತು ಆತಂಕದ ಚಿಕಿತ್ಸೆಗೆ ಹಾಕಿದ ಒಂದು ಡಾಲರ್ ನಾಲ್ಕು ಡಾಲರ್‌ಗಳ ಪ್ರತಿಫಲ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ನೇತೃತ್ವದ ಅಧ್ಯಯನ 2016ರಲ್ಲಿ ಅಂದಾಜಿಸಿತು. ಆದರೆ ಆ ನಾಲ್ಕು ಡಾಲರ್ ಸೇರುವುದು ಯಾರ ಜೇಬಿಗೆ? ಬಹುಪಾಲು ಉದ್ಯೋಗದಾತರಿಗೆ, ದುಡಿಯುವವರಿಗೆ, ದೊಡ್ಡ ಆಸ್ಪತ್ರೆ ನಡೆಸುವ ಸರ್ಕಾರಕ್ಕೆ. ಹಣ ಹಾಕಿದ ಸ್ಥಳೀಯ ಸಂಸ್ಥೆಯ ಖಜಾನೆಗೆ ನೇರವಾಗಿ ಮರಳುವುದು ಅಲ್ಪ. ಆರ್ಥಿಕ ಅಧಿಕಾರಿಗೆ ಇದು ಚೆನ್ನಾಗಿ ಗೊತ್ತು. ನೀವೇ ಮೊದಲು ಹೇಳಿಬಿಟ್ಟರೆ ನಿಮ್ಮ ಉಳಿದ ಅಂಕಿಗಳಿಗೂ ಬೆಲೆ ಬರುತ್ತದೆ. ಮೇಲಿನ ಸರ್ಕಾರದಿಂದ ಪಾಲು ಕೇಳಲು ಸ್ಥಳೀಯ ಸಂಸ್ಥೆಗೆ ಅದೇ ಆಧಾರವೂ ಆಗುತ್ತದೆ.

ನಿಮ್ಮ ಕೈಯಲ್ಲಿರುವುದನ್ನು ಮಾತ್ರ ಅಳತೆಗೆ ಒಡ್ಡಿ. ಮೊದಲ ಸಂಪರ್ಕದಿಂದ ಮೊದಲ ಭೇಟಿಗೆ ಎಷ್ಟು ದಿನ? ಇಂಗ್ಲೆಂಡ್ 2016ರ ಏಪ್ರಿಲ್‌ನಿಂದ, ಚಿತ್ತವಿಕಲತೆಯ ಮೊದಲ ಪ್ರಸಂಗದಲ್ಲಿರುವವರಲ್ಲಿ ಕನಿಷ್ಠ ಅರ್ಧದಷ್ಟು ಜನರಿಗೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂದು ಗುರಿಯಿಟ್ಟಿತು. ಇಂಥ ಗುರಿ ಎಲ್ಲರಿಗೂ ಅರ್ಥವಾಗುತ್ತದೆ. ಒಮ್ಮೆ ಬಂದವರಲ್ಲಿ ಎಷ್ಟು ಜನ ಮತ್ತೆ ಬಂದರು? ಲಕ್ಷಣ ಎಷ್ಟು ಇಳಿಯಿತು? ಯಾವ ಪ್ರದೇಶದವರು, ಯಾವ ವಯಸ್ಸಿನವರು ಬರುತ್ತಲೇ ಇಲ್ಲ? ಲಕ್ಷಣ ಅಳೆಯಲು ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಉಚಿತವಾಗಿ ಸಿಗುತ್ತದೆ, ಅಂಕ 0ಯಿಂದ 27. ಅದರ ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. "ಇಲ್ಲವೇ ಇಲ್ಲ" ಎಂಬುದನ್ನು ಬಿಟ್ಟು ಬೇರೆ ಯಾವುದೇ ಉತ್ತರ ಬಂದ ಗಳಿಗೆಯಲ್ಲಿ ಯಾರು ಜೊತೆಗಿರಬೇಕು, ಯಾರಿಗೆ ಕರೆ ಹೋಗಬೇಕು, ರಾತ್ರಿಯಾದರೆ ಏನು ಎಂಬುದು ಬರಹದಲ್ಲಿ ಸಿದ್ಧವಿಲ್ಲದಿದ್ದರೆ ಆ ಪ್ರಶ್ನಾವಳಿಯನ್ನು ಯಾರ ಮುಂದೆಯೂ ಇಡಬೇಡಿ.

ಹೆಜ್ಜೆ 6: ಸಭೆ

ಒಂದು ಪುಟ ಸಾಕು. ಸಭೆಗೆ ಮೊದಲೇ ಆಡಳಿತ ಪಕ್ಷದ ಒಬ್ಬರು, ವಿರೋಧ ಪಕ್ಷದ ಒಬ್ಬರು, ಲೆಕ್ಕಪತ್ರ ಅಧಿಕಾರಿ, ಈ ಮೂವರನ್ನು ಬೇರೆ ಬೇರೆಯಾಗಿ ಕಂಡು ಬನ್ನಿ.

ಕಾಯಿಲೆ ಅನುಭವಿಸಿದವರೊಬ್ಬರು ಮಾತನಾಡಿದರೆ ಸಭೆ ಕಿವಿಗೊಡುತ್ತದೆ. ಆದರೆ ಅವರ ಕಣ್ಣೀರನ್ನು ಅರ್ಜಿಯ ಲಗತ್ತಾಗಿ ಬಳಸುವುದು ಹೀನ ಕೆಲಸ. ಏನು ಹೇಳಬೇಕು, ಏನು ಬಿಡಬೇಕು ಎಂಬುದು ಅವರ ಆಯ್ಕೆ. ಅವರ ಸಮಯಕ್ಕೆ ಸಂಭಾವನೆ ಕೊಡಿ. ಹೇಳಿದ್ದು ನಡಾವಳಿಯಲ್ಲಿ, ಪತ್ರಿಕೆಯಲ್ಲಿ ಉಳಿಯುತ್ತದೆ ಎಂದು ಮೊದಲೇ ತಿಳಿಸಿ.

ಮೂರು ಆಕ್ಷೇಪಗಳು ಬಂದೇ ಬರುತ್ತವೆ. "ಇದು ಆಸ್ಪತ್ರೆಯ ಕೆಲಸ" ಎಂದರೆ ನಿಮ್ಮ ಎರಡನೆಯ ಹೆಜ್ಜೆಯ ದಿನಗಳ ಲೆಕ್ಕ ಮುಂದಿಡಿ. ಆಸ್ಪತ್ರೆ ತಲುಪುವ ಮುನ್ನ ಕಳೆದುಹೋದ ಕಾಲ ಅದು. "ಜನ ನಾಚಿಕೆಯಿಂದ ಬರುವುದಿಲ್ಲ" ಎಂದರೆ ಒಪ್ಪಿಕೊಳ್ಳಿ. ಅದಕ್ಕೇ ಹೊರಗೆ "ಮಾನಸಿಕ" ಎಂಬ ಫಲಕ ಬೇಡ, ಜನ ಬೇರೆ ಕೆಲಸಕ್ಕೂ ಬರುವ ಕಟ್ಟಡದಲ್ಲಿ ಕೋಣೆ ಬೇಕು ಎನ್ನಿ. ಮೂರನೆಯದು ಆಕ್ಷೇಪದಂತೆ ಕಾಣದ ಆಕ್ಷೇಪ: "ಈ ವರ್ಷ ಒಮ್ಮೆಗೆ ಒಂದಿಷ್ಟು ಕೊಡುತ್ತೇವೆ, ನೋಡೋಣ." ಇದಕ್ಕೆ ಕೈಮುಗಿದು ಎದ್ದು ಬರುವವರೇ ಹೆಚ್ಚು. ಹಾಗೆ ಮಾಡದೆ ಮೂರು ವರ್ಷಗಳ ಆವರ್ತಕ ವೆಚ್ಚವೆಂದು (ವರ್ಷ ವರ್ಷವೂ ಬರುವ ಖರ್ಚು) ಠರಾವಿನಲ್ಲಿ ಬರೆಸಿ, ವಾರ್ಷಿಕ ಪರಿಶೀಲನೆಗೆ ನೀವೇ ಒಪ್ಪಿ. ಮೊತ್ತ ಅರ್ಧವಾದರೂ ಸರಿ, "ಆವರ್ತಕ" ಎಂಬ ಪದ ನಡಾವಳಿಯಲ್ಲಿ ಇರಬೇಕು.

ಹೆಜ್ಜೆ 7: ಒಪ್ಪಂದ ಪತ್ರ

ಸಹಿ ಹಾಕುವ ಮುನ್ನ ಇವನ್ನು ನೋಡಿ. ಮೊದಲ ಕಂತು ಮುಂಗಡವಾಗಿ ಬರುತ್ತದೆಯೇ? ಖರ್ಚು ಮಾಡಿ ಬಿಲ್ಲು ತನ್ನಿ ಎಂದರೆ ಸಣ್ಣ ಸಂಸ್ಥೆ ಮೊದಲ ಮೂರು ತಿಂಗಳಲ್ಲೇ ಸಾಲಕ್ಕೆ ಬೀಳುತ್ತದೆ. ಬಳಕೆ ಪ್ರಮಾಣಪತ್ರ ಕೊಟ್ಟ ಎಷ್ಟು ದಿನಕ್ಕೆ ಮುಂದಿನ ಕಂತು? ಕೈಬಿಡುವುದಾದರೆ ಎಷ್ಟು ತಿಂಗಳ ಮುನ್ಸೂಚನೆ? ಆರು ತಿಂಗಳು ಕೇಳಿ. ಚಿಕಿತ್ಸೆಯ ನಡುವಿರುವವರನ್ನು ಬೇರೆಡೆಗೆ ಒಪ್ಪಿಸಲು ಅಷ್ಟಾದರೂ ಬೇಕು.

ದಾಖಲೆಗಳ ವಿಚಾರದಲ್ಲಿ ರಾಜಿ ಬೇಡ. ಹಣ ಕೊಟ್ಟವರಿಗೆ ಸಿಗಬೇಕಾದದ್ದು ಒಟ್ಟು ಸಂಖ್ಯೆಗಳು ಮಾತ್ರ, ಹೆಸರಲ್ಲ, ವಿಳಾಸವಲ್ಲ. "ನಮ್ಮ ವಾರ್ಡಿನಿಂದ ಯಾರು ಬರುತ್ತಾರೆ" ಎಂದು ಸದಸ್ಯರೊಬ್ಬರು ಕಾಳಜಿಯಿಂದಲೇ ಕೇಳಬಹುದು. ಉತ್ತರ ಕೊಡುವಂತಿಲ್ಲ ಎಂಬುದು ಒಪ್ಪಂದದಲ್ಲೇ ಇದ್ದರೆ ಕಾರ್ಯಕರ್ತೆ ಅವರ ಮುಖ ನೋಡಿ ಇಲ್ಲವೆನ್ನುವ ಕಷ್ಟ ತಪ್ಪುತ್ತದೆ.

ಹೆಜ್ಜೆ 8: ಮೂರನೆಯ ವರ್ಷಕ್ಕೆ ಮೊದಲ ವರ್ಷದಲ್ಲೇ ಸಿದ್ಧತೆ

ಡೆನ್ಮಾರ್ಕ್‌ನ ಓಪಸ್ ಪ್ರಯೋಗದ ಕಥೆ ಹಣ ಕೇಳುವವರೆಲ್ಲ ತಿಳಿದಿರಬೇಕಾದದ್ದು. ಚಿತ್ತವಿಕಲತೆಯ ಆರಂಭದಲ್ಲಿದ್ದವರಿಗೆ ಎರಡು ವರ್ಷ ತೀವ್ರ ಸೇವೆ ಕೊಟ್ಟಾಗ ಫಲಿತಾಂಶ ಎದ್ದು ಕಾಣುವಷ್ಟು ಚೆನ್ನಾಗಿತ್ತು. ಸೇವೆ ನಿಂತ ಮೇಲೆ, ಆರಂಭದಿಂದ ಐದನೆಯ ವರ್ಷದಲ್ಲಿ ನೋಡಿದಾಗ, ಈ ಸೇವೆ ಪಡೆದವರು ಮತ್ತು ಎಂದಿನ ಆರೈಕೆ ಪಡೆದವರು, ಈ ಎರಡು ಗುಂಪುಗಳ ಲಕ್ಷಣಗಳಲ್ಲಿದ್ದ ಅಂತರ ಅಳಿಸಿಹೋಗಿತ್ತು. ಆರಂಭಿಕ ನೆರವು ವ್ಯರ್ಥ ಎಂದು ಇದನ್ನು ಓದುವವರಿದ್ದಾರೆ. ನಾನು ಓದುವುದು ಬೇರೆ ರೀತಿ: ಮುಂದುವರಿಕೆಗೆ ಹಣವಿಲ್ಲದ ಕಡೆ ಆರಂಭಕ್ಕೆ ಮಾತ್ರ ಹಣ ಕೇಳಬಾರದು. ತೀವ್ರ ಸೇವೆ ಮುಗಿದವರು ಹಗುರವಾದ ಸಂಪರ್ಕದಲ್ಲಿ ಉಳಿಯಲು ಒಂದು ಸಣ್ಣ ಮೊತ್ತವನ್ನು ಮೊದಲ ಅಂದಾಜುಪಟ್ಟಿಯಲ್ಲೇ ಸೇರಿಸಿ.

ಎರಡನೆಯ ವರ್ಷದ ಅಂದಾಜು ತಯಾರಾಗುವ ಹೊತ್ತಿಗೆ ನಿಮ್ಮ ಕೈಯಲ್ಲಿರುವುದು ಕೆಲವೇ ತಿಂಗಳ ಅಂಕಿಅಂಶ. ಹಾಗಾಗಿ ದಾಖಲೆ ಇಡುವುದು ಮೊದಲ ವಾರದಿಂದಲೇ ನಡೆಯಬೇಕು. ಪ್ರತಿ ಮೂರು ತಿಂಗಳಿಗೊಮ್ಮೆ ಒಂದು ಪುಟದ ವರದಿ ಎಲ್ಲ ಸದಸ್ಯರಿಗೂ ಹೋಗಲಿ, ಗುರಿ ತಪ್ಪಿದ್ದೂ ಅದರಲ್ಲಿರಲಿ. ಚುನಾವಣೆಯಾಗಿ ಸಭೆ ಬದಲಾದರೆ ಹೊಸಬರಿಗೆ ನಿಮ್ಮ ಠರಾವು ಗೊತ್ತಿರುವುದಿಲ್ಲ. ಮೊದಲ ತಿಂಗಳಲ್ಲೇ ಅದರ ಪ್ರತಿಯೊಂದಿಗೆ ಅವರನ್ನು ಭೇಟಿ ಮಾಡಿ. ಕಂತು ತಡವಾದರೂ ಸಂಬಳ ನಿಲ್ಲದಂತೆ ಮೂರು ತಿಂಗಳ ಖರ್ಚಿನಷ್ಟು ಹಣವನ್ನು ಬೇರೆ ಮೂಲದಿಂದ ಪ್ರತ್ಯೇಕ ಖಾತೆಯಲ್ಲಿಡಿ. ಅನುದಾನದಿಂದಲೇ ಹಾಗೆ ಉಳಿಸಿಟ್ಟರೆ ಲೆಕ್ಕಪರಿಶೋಧಕರು ಅದನ್ನು ಖರ್ಚಾಗದ ಹಣವೆಂದು ಬರೆದು ವಾಪಸು ಕೇಳುತ್ತಾರೆ.